ಔಷಧಿಯನ್ನು ತಡೆಹಿಡಿಯುವ ಹಕ್ಕು

ವಿದೇಶದಲ್ಲಿ ನರ್ಸ್ ಆಗಬೇಕೆಂದು ಸಲಹೆ ಕೇಳಿಕೊಂಡು ಬರುವವರಿಗೆ ನಾನು ಮೊದಲು ಒಂದು ಸಣ್ಣ ಕೆಲಸ ಹೇಳುತ್ತೇನೆ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ನೋಂದಣಿ ಪತ್ರ, ಪಾಸ್‌ಪೋರ್ಟ್ ಈ ಮೂರನ್ನೂ ಒಂದರ ಪಕ್ಕ ಒಂದಿಟ್ಟುಕೊಂಡು ನಿಮ್ಮ ಹೆಸರನ್ನು ಅಕ್ಷರ ಅಕ್ಷರವಾಗಿ ಓದಿ ಎನ್ನುತ್ತೇನೆ. ಬಹುತೇಕ ಎಲ್ಲರದ್ದೂ ಮೂರು ಕಡೆ ಮೂರು ಬಗೆಯಾಗಿರುತ್ತದೆ.

ಹಾಸನ, ಚಿಕ್ಕಮಗಳೂರು ಕಡೆ ಹೆಸರಿನ ಜೊತೆ ಊರಿನದೊಂದು ಅಕ್ಷರ, ಅಪ್ಪನದೊಂದು ಅಕ್ಷರ ಇರುವುದು ವಾಡಿಕೆ. ಅಂಕಪಟ್ಟಿಯಲ್ಲಿ ಅವು ಹೆಸರಿನ ಮುಂದೆ ಕುಳಿತರೆ ನೋಂದಣಿ ಪತ್ರದಲ್ಲಿ ಹಿಂದಕ್ಕೆ ಹೋಗಿರುತ್ತವೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆಯಲೇಬೇಕಾದ್ದರಿಂದ ಅಲ್ಲಿ ಅಪ್ಪನ ಪೂರ್ಣ ಹೆಸರು ಕುಲನಾಮದ ಜಾಗಕ್ಕೆ ಬಂದು ನಿಂತಿರುತ್ತದೆ. ಮದುವೆಯಾಗಿದ್ದರೆ ಆಧಾರ್‌ನಲ್ಲಿ ಇನ್ನೊಂದು ರೂಪ. ಊರಿನಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ, ಬ್ಯಾಂಕಿನವರಿಗೂ ಗೊತ್ತು, ಪಂಚಾಯಿತಿಯವರಿಗೂ ಗೊತ್ತು. ಆದರೆ ಲಂಡನ್ನಿನಲ್ಲೋ ಫಿಲಡೆಲ್ಫಿಯಾದಲ್ಲೋ ಕಡತ ತೆರೆದು ಕುಳಿತವರ ಕಣ್ಣಿಗೆ ಅವರು ಬೇರೆ ಬೇರೆ ಹೆಂಗಸರು. ಪರೀಕ್ಷಾ ಕೇಂದ್ರದ ಬಾಗಿಲಲ್ಲಿ ನೋಂದಾಯಿಸಿದ ಹೆಸರಿಗೂ ಪಾಸ್‌ಪೋರ್ಟ್‌ನ ಹೆಸರಿಗೂ ತಾಳೆಯಾಗದಿದ್ದರೆ ಒಳಗೆ ಬಿಡುವುದಿಲ್ಲ, ಕಟ್ಟಿದ ಹಣವೂ ಹೋಗುತ್ತದೆ. ಮಿಕ್ಕ ಎಲ್ಲ ಓಡಾಟಕ್ಕಿಂತ ಮೊದಲು ಇದನ್ನು ಸರಿಪಡಿಸಿಕೊಳ್ಳಬೇಕು. ಪಾಸ್‌ಪೋರ್ಟ್‌ನ ಹೆಸರನ್ನೇ ಆಧಾರವಾಗಿಟ್ಟುಕೊಂಡು ಉಳಿದವನ್ನು ಅದಕ್ಕೆ ಹೊಂದಿಸಿಕೊಳ್ಳಿ, ಹೊಂದಿಸಲಾಗದ್ದಕ್ಕೆ ಅಫಿಡವಿಟ್ ಮಾಡಿಸಿಡಿ.

ನಾನು ಹಾಸನದಲ್ಲೇ ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಓದಿದವಳು. ಇಲ್ಲಿನ ವಾರ್ಡ್‌ಗಳಲ್ಲಿ ಕೆಲಸ ಕಲಿತು, ಆಮೇಲೆ ಇಂಗ್ಲೆಂಡಿನ ಉತ್ತರ ಭಾಗದ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ದುಡಿದು, ಅಮ್ಮನಿಗೆ ಪಾರ್ಶ್ವವಾಯು ಹೊಡೆದ ಮೇಲೆ ಊರಿಗೆ ಮರಳಿದೆ. ಈಗ ನರ್ಸಿಂಗ್ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ. ಭಾನುವಾರ ಮಧ್ಯಾಹ್ನ ವಿದ್ಯಾನಗರದ ನಮ್ಮ ಮನೆಯ ನಡುಮನೆಯಲ್ಲಿ ನಾಲ್ಕಾರು ಹುಡುಗಿಯರು, ಕೆಲವೊಮ್ಮೆ ಹುಡುಗರೂ, ದಿಂಬಿನ ರೋಗಿಗೆ ಬ್ಯಾಂಡೇಜು ಸುತ್ತುತ್ತ ಪರೀಕ್ಷೆಯ ತಾಲೀಮು ನಡೆಸುತ್ತಾರೆ. ಕೇರಳದ ಗೆಳತಿಯರಿಗೆ ಈ ದಾರಿಯನ್ನು ಹೇಳಿಕೊಡಲು ಮನೆಯಲ್ಲೇ ಒಬ್ಬ ಚಿಕ್ಕಮ್ಮ, ಒಬ್ಬ ಅತ್ತಿಗೆ ಇರುತ್ತಾರೆ. ಸಕಲೇಶಪುರ, ಮೂಡಿಗೆರೆ, ಆಲೂರಿನ ಮನೆಗಳಲ್ಲಿ ಹೊರಟವಳೇ ಮೊದಲಿಗಳು, ಕೇಳಲು ಹಿರಿಯರಿಲ್ಲ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಯಾವ ದೇಶ ಎಂಬುದನ್ನು ಬೇಗ ಮುಗಿಸಿಬಿಡುತ್ತೇನೆ. ಕೊಲ್ಲಿ ದೇಶಗಳಲ್ಲಿ ಡೇಟಾಫ್ಲೋ ಎಂಬ ಸಂಸ್ಥೆಯ ಮೂಲಕ ದಾಖಲೆಗಳ ಮೂಲ ಪರಿಶೀಲನೆ, ಜೊತೆಗೆ ಒಂದು ಕಂಪ್ಯೂಟರ್ ಪರೀಕ್ಷೆ. ಜರ್ಮನಿಗೆ ಬಿ2 ಮಟ್ಟದ ಜರ್ಮನ್ ಭಾಷೆ ಬೇಕು. ಅಲ್ಲಿನ ರಾಜ್ಯದ ಕಚೇರಿ ನಮ್ಮ ಓದನ್ನು ತಮ್ಮ ಓದಿನೊಂದಿಗೆ ತೂಗಿ, ಎಲ್ಲಿ ಕೊರತೆಯಿದೆ ಎಂದು ಪತ್ರ ಕೊಡುತ್ತದೆ. ಆ ಕೊರತೆಯನ್ನು ತರಬೇತಿಯಿಂದಲೋ ಪರೀಕ್ಷೆಯಿಂದಲೋ ತುಂಬಿಕೊಡಬೇಕು. ಅಮೆರಿಕಕ್ಕೆ ಎನ್‌ಕ್ಲೆಕ್ಸ್ ಪರೀಕ್ಷೆಯನ್ನು ಬೆಂಗಳೂರಿನಲ್ಲೇ ಬರೆಯಬಹುದು. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, ಐದು ಗಂಟೆ. ನೀವು ಸರಿಯುತ್ತರ ಕೊಟ್ಟಂತೆಲ್ಲ ಮುಂದಿನ ಪ್ರಶ್ನೆ ಕಠಿಣವಾಗುತ್ತ ಹೋಗುತ್ತದೆ. ಆದರೆ ಪಾಸಾದ ಮೇಲೂ ಭಾರತೀಯರ ವೀಸಾ ಸರದಿ ಹತ್ತು ವರ್ಷಕ್ಕೂ ಹೆಚ್ಚು ಹಿಂದೆ ಬಿದ್ದಿದೆ, ಇದನ್ನು ಏಜೆಂಟರು ಮೊದಲ ದಿನ ಹೇಳುವುದಿಲ್ಲ. ನನಗೆ ಒಳಗಿನಿಂದ ಗೊತ್ತಿರುವುದು ಬ್ರಿಟನ್ನಿನ ದಾರಿ, ಆದ್ದರಿಂದ ಮುಂದಿನದೆಲ್ಲ ಅದರದ್ದೇ.

ಅಲ್ಲಿ ನರ್ಸುಗಳ ಪಟ್ಟಿಯನ್ನು ಇಟ್ಟುಕೊಂಡಿರುವುದು ನರ್ಸಿಂಗ್ ಅಂಡ್ ಮಿಡ್‌ವೈಫರಿ ಕೌನ್ಸಿಲ್, ಎಲ್ಲರ ಬಾಯಲ್ಲಿ ಎನ್‌ಎಂಸಿ. ಇಂಗ್ಲಿಷ್ ಪರೀಕ್ಷೆ, ಕಂಪ್ಯೂಟರ್ ಮೇಲಿನ ಸಿಬಿಟಿ, ಬೆಂಗಳೂರಿನ ನಮ್ಮ ಕೌನ್ಸಿಲ್‌ನಿಂದ ನೋಂದಣಿಯ ದೃಢೀಕರಣ, ಆಮೇಲೆ ಬ್ರಿಟನ್ನಿಗೆ ಹೋಗಿ ಆಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ. ಸಿಬಿಟಿಗೆ 83 ಪೌಂಡ್, ಆಸ್ಕಿಗೆ 794 ಪೌಂಡ್, ಅರ್ಜಿಗೆ 140, ಕೊನೆಗೆ ನೋಂದಣಿಗೆ 153. ಸರ್ಕಾರಿ ಆಸ್ಪತ್ರೆಗಳು ಕೆಲಸ ಕೊಡುವಾಗ ಇದರಲ್ಲಿ ಬಹಳಷ್ಟನ್ನು ತಾವೇ ಭರಿಸುವುದು ರೂಢಿ. ನೇಮಕ ಮಾಡಿಕೊಡಲು ನರ್ಸಿನಿಂದ ಹಣ ಕೀಳಬಾರದೆಂದು ಅಲ್ಲಿನ ಸರ್ಕಾರದ ನೀತಿಸಂಹಿತೆಯೇ ಹೇಳುತ್ತದೆ.

ಈ ಮಾತನ್ನು ಮೂಡಿಗೆರೆ ಕಡೆಯ ಒಬ್ಬ ತಂದೆಗೆ ಎರಡೆರಡು ಸಲ ಹೇಳಬೇಕಾಯಿತು. ಅವರು ಕಾಫಿ ತೋಟವೊಂದರಲ್ಲಿ ರೈಟರ್. ಲೆಕ್ಕದಲ್ಲಿ ಪಳಗಿದವರು, ಒಂದು ಮೂಟೆ ಚೆರಿ ಕಾಫಿ ಹೆಚ್ಚುಕಡಿಮೆಯಾದರೂ ಕಣ್ಣಿಗೆ ಬೀಳುತ್ತದೆ. ಆದರೆ ಮಗಳ ವಿಷಯದಲ್ಲಿ ಏಜೆಂಟ್ ಕೇಳಿದ ಮೂರು ಲಕ್ಷಕ್ಕೆ ಸೊಸೈಟಿ ಸಾಲ ತೆಗೆಯಲು ತಯಾರಾಗಿದ್ದರು. ನಾನು ಅವರಿಗೆ ತೋರಿಸಿದ್ದು ಎರಡೇ ಸಂಗತಿ. ನಮ್ಮ ವಲಸೆ ಕಾನೂನಿನ ಪ್ರಕಾರ ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ತೆರಿಗೆ. ಆ ಏಜೆಂಟ್ ನೋಂದಾಯಿತನೋ ಅಲ್ಲವೋ ಎಂಬುದು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿದರೆ ತಿಳಿಯುತ್ತದೆ. ಆ ಹೆಸರು ಅಲ್ಲಿ ಇರಲಿಲ್ಲ. ಅವರು ಮೊಬೈಲನ್ನು ನನ್ನ ಕೈಯಿಂದ ಇಸಿದುಕೊಂಡು, ಕನ್ನಡಕ ಏರಿಸಿಕೊಂಡು, ತಾವೇ ಮತ್ತೊಮ್ಮೆ ಹೆಸರು ಹಾಕಿ ಹುಡುಕಿದರು. "ಸರಿ ಮೇಡಂ, ಇನ್ನು ಅವನ ಫೋನ್ ತೆಗೆಯುವುದಿಲ್ಲ" ಎಂದರು.

ಇಂಗ್ಲಿಷ್‌ ಬಗ್ಗೆ ನಮ್ಮ ಕಡೆ ಇರುವ ಭಯ ದೊಡ್ಡದು. ಪಿಯುಸಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಪರೀಕ್ಷೆಯಲ್ಲಿ ಒಟ್ಟು 7, ಬರವಣಿಗೆಯಲ್ಲಿ 6.5 ಎಂದ ಕೂಡಲೇ ಕೈಚೆಲ್ಲುತ್ತಾರೆ. ಅವರಿಗೆ ನಾನು ಒಇಟಿ ಹಿಡಿಯಲು ಹೇಳುತ್ತೇನೆ. ಅದು ಆರೋಗ್ಯ ಸಿಬ್ಬಂದಿಗೆಂದೇ ಇರುವ ಪರೀಕ್ಷೆ. ಓದು, ಆಲಿಸುವಿಕೆ, ಮಾತು ಈ ಮೂರರಲ್ಲಿ ಬಿ ದರ್ಜೆ, ಬರವಣಿಗೆಯಲ್ಲಿ ಸಿ ಪ್ಲಸ್ ಬಂದರೆ ಎನ್‌ಎಂಸಿಗೆ ಸಾಕು. ಬರವಣಿಗೆಯಲ್ಲಿ ರೋಗಿಯ ಟಿಪ್ಪಣಿಗಳನ್ನು ಕೊಟ್ಟು 45 ನಿಮಿಷದಲ್ಲಿ ಒಂದು ಪತ್ರ ಬರೆಯಿಸುತ್ತಾರೆ, ಮನೆಗೆ ಹೋಗುತ್ತಿರುವ ರೋಗಿಯ ಬಗ್ಗೆ ಅಲ್ಲಿನ ನರ್ಸಿಗೋ ವೈದ್ಯರಿಗೋ. ಯಾವುದನ್ನು ಬರೆಯಬೇಕು ಎನ್ನುವುದಕ್ಕಿಂತ ಯಾವುದನ್ನು ಬಿಡಬೇಕು ಎನ್ನುವುದರಲ್ಲಿ ಅಂಕ ಅಡಗಿದೆ. ಮಾತಿನ ಪರೀಕ್ಷೆಯಲ್ಲಿ ಎದುರಿಗಿರುವವರು ರೋಗಿಯ ಪಾತ್ರ ವಹಿಸುತ್ತಾರೆ. ವ್ಯಾಕರಣದ ಜೊತೆಗೆ ನೀವು ಅವರ ಆತಂಕವನ್ನು ಕೇಳಿ ತಿಳಿದಿರಾ, ಅವರ ಮಾತು ಮುಗಿಯುವವರೆಗೆ ಕಾದಿರಾ ಎಂಬುದಕ್ಕೂ ಅಂಕವಿದೆ. ಬೇಲೂರಿನ ಅಜ್ಜಿಯೊಬ್ಬರಿಗೆ ಇನ್ಸುಲಿನ್ ಸೂಜಿಯ ಭಯ ಬಿಡಿಸಿದ ಹುಡುಗಿಗೆ ಇದು ಬರುತ್ತದೆ. ಅದನ್ನೇ ಇಂಗ್ಲಿಷಿನಲ್ಲಿ ಬಾಯಿಗೆ ತಂದುಕೊಳ್ಳಬೇಕು, ಅಷ್ಟೇ. ಅದಕ್ಕೆ ಕೋಚಿಂಗ್ ಸೆಂಟರ್‌ಗಿಂತ ಜೊತೆಗಾತಿ ಹೆಚ್ಚು ಉಪಯೋಗ.

ಸಿಬಿಟಿಯಲ್ಲಿ ಎರಡು ಭಾಗ: ಡೋಸ್ ಲೆಕ್ಕದ 15 ಪ್ರಶ್ನೆ, ನರ್ಸಿಂಗ್‌ನ 100 ಪ್ರಶ್ನೆ. ಓದಿದರೆ ಆಗುತ್ತದೆ.

ಆಸ್ಕಿ ಹಾಗಲ್ಲ. ಅದರ ಬಗ್ಗೆ ನಾನು ನಿಂತು ಹೇಳಬೇಕು. ಒಟ್ಟು ಹತ್ತು ನಿಲ್ದಾಣಗಳು. ನಾಲ್ಕರಲ್ಲಿ ಒಬ್ಬ ರೋಗಿಯನ್ನು ಪರೀಕ್ಷಿಸಿ, ಆರೈಕೆಯ ಯೋಜನೆ ಬರೆದು, ಅದನ್ನು ಜಾರಿಗೆ ತಂದು, ಕೊನೆಗೆ ಫಲಿತಾಂಶ ಅಳೆಯಬೇಕು. ನಾಲ್ಕರಲ್ಲಿ ಕೈಕೌಶಲ. ಉಳಿದ ಎರಡು ಬರೆಯುವಂಥವು. ಉತ್ತೀರ್ಣರಾಗಿ ನೋಂದಣಿ ಸಂಖ್ಯೆ ಬರುವವರೆಗೆ ಆಸ್ಪತ್ರೆಯಲ್ಲಿ ನಾವು ಒಂದು ಮೆಟ್ಟಿಲು ಕೆಳಗಿನ ಹುದ್ದೆಯಲ್ಲಿರುತ್ತೇವೆ. ಹಾಸನದಲ್ಲಿ ರಾತ್ರಿ ಪಾಳಿಯಲ್ಲಿ ಇಡೀ ವಾರ್ಡ್ ನೋಡಿಕೊಂಡವಳು ಅಲ್ಲಿ ಒಂದು ಪ್ಯಾರಾಸಿಟಮಾಲ್ ಮಾತ್ರೆಯನ್ನೂ ತಾನಾಗಿಯೇ ಕೊಡುವಂತಿಲ್ಲ. ನನಗೆ ಅದು ತುಂಬ ನೋವಾಗಿತ್ತು. ಹಾಸಿಗೆ ಸರಿಮಾಡುವಾಗ, ಊಟ ತಿನ್ನಿಸುವಾಗ ಕೆಲಸದ ಬಗ್ಗೆ ಬೇಸರವಿರಲಿಲ್ಲ. ನನ್ನ ಕೈಗೆ ಗೊತ್ತಿರುವುದನ್ನು ಯಾರೂ ನಂಬುತ್ತಿಲ್ಲವಲ್ಲ ಎಂಬುದು ಒಳಗೆ ಕುದಿಯುತ್ತಿತ್ತು. ನೋಂದಣಿ ಸಂಖ್ಯೆ ಬಂದ ಮೇಲೂ ಡ್ರಿಪ್ ಮೂಲಕ ಔಷಧಿ ಕೊಡಲು ಮತ್ತೊಂದು ತರಬೇತಿ, ಮತ್ತೊಬ್ಬರ ಸಹಿ.

ಈ ಪರೀಕ್ಷೆ ಏನನ್ನು ಕೇಳುತ್ತಿದೆ ಎಂಬುದು ನನಗೆ ತಿಳಿದದ್ದು ಔಷಧಿ ಕೊಡುವ ತಾಲೀಮಿನಲ್ಲಿ. ಆಸ್ಪತ್ರೆಯ ತರಬೇತಿ ಕೊಠಡಿ. ಹಾಸಿಗೆಯಲ್ಲಿ ರೋಗಿಯ ಪಾತ್ರದಲ್ಲಿ ಒಬ್ಬ ಸಹೋದ್ಯೋಗಿ. ಕೈ ಶುಚಿ ಮಾಡಿಕೊಂಡು, ನನ್ನ ಹೆಸರು, ನಾನು ಯಾರು ಎಂದು ಹೇಳಬೇಕು. ಅವರ ಹೆಸರು, ಹುಟ್ಟಿದ ದಿನಾಂಕ ಅವರ ಬಾಯಿಂದಲೇ ಕೇಳಿ, ಕೈಪಟ್ಟಿಯೊಂದಿಗೂ ಚಾರ್ಟಿನೊಂದಿಗೂ ತಾಳೆ ನೋಡಬೇಕು. ಅಲರ್ಜಿ ಕೇಳಬೇಕು. ಒಪ್ಪಿಗೆ ಪಡೆಯಬೇಕು. ಆ ದಿನದ ರೋಗಿ ಪೆನ್ಸಿಲಿನ್ ಅಲರ್ಜಿ ಇದೆ ಎಂದರು. ಚಾರ್ಟಿನಲ್ಲಿ ವೈದ್ಯರು ಪೆನ್ಸಿಲಿನ್ ಗುಂಪಿನದೇ ಆದ ಅಮಾಕ್ಸಿಸಿಲಿನ್ ಬರೆದಿದ್ದರು. ಟ್ರಾಲಿಯಲ್ಲಿ ಆ ಮಾತ್ರೆ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಪಕ್ಕದಲ್ಲಿ ನಿಂತಿದ್ದ ತರಬೇತುದಾರರು ಏನೂ ಹೇಳಲಿಲ್ಲ. ನಾನು ಮಾಡಬೇಕಾದದ್ದು ಇಷ್ಟು: ಆ ಮಾತ್ರೆಯನ್ನು ಕೊಡಬಾರದು, ಕೊಡದಿರುವ ಕಾರಣವನ್ನು ಚಾರ್ಟಿನಲ್ಲಿ ಬರೆದು ಸಹಿ ಹಾಕಬೇಕು, ರೋಗಿಗೆ ತಿಳಿಸಬೇಕು, ಬರೆದ ವೈದ್ಯರಿಗೆ ವಿಷಯ ಮುಟ್ಟಿಸಬೇಕು.

ಕೊಟ್ಟೆನೋ ಬಿಟ್ಟೆನೋ ಎಂಬುದು ಇಲ್ಲಿ ಮುಖ್ಯವಲ್ಲ. ಪೆನ್ಸಿಲಿನ್ ಅಲರ್ಜಿ ಇರುವವರಿಗೆ ಅಮಾಕ್ಸಿಸಿಲಿನ್ ಕೊಡಬಾರದೆಂದು ಹಾಸನದ ಎರಡನೇ ವರ್ಷದ ವಿದ್ಯಾರ್ಥಿನಿಗೂ ಗೊತ್ತು. ಆದರೆ ಇಲ್ಲಿ ಅವಳು ಏನು ಮಾಡುತ್ತಾಳೆ? ಕೇಸ್ ಶೀಟ್ ಹಿಡಿದುಕೊಂಡು ಡ್ಯೂಟಿ ಡಾಕ್ಟರ ಕೊಠಡಿಯ ಹೊರಗೆ ನಿಲ್ಲುತ್ತಾಳೆ. "ಸರ್, ಇದೊಂದು ಸಲ ನೋಡುತ್ತೀರಾ" ಎಂದು ಕೇಳಲು ಧೈರ್ಯ ಒಗ್ಗೂಡಿಸುತ್ತಾಳೆ. ಬೈಸಿಕೊಂಡು ಅಭ್ಯಾಸವಾದವಳು ಒಂದಿಷ್ಟು ದಿನದ ಮೇಲೆ ನಿಲ್ಲುವುದನ್ನೂ ಬಿಡುತ್ತಾಳೆ. ತಡೆಹಿಡಿದದ್ದಕ್ಕೆ ಅವಳ ಸಹಿ ಎಲ್ಲೂ ಇರುವುದಿಲ್ಲ, ಏಕೆಂದರೆ ಅದಕ್ಕೆ ಕೇಸ್ ಶೀಟಿನಲ್ಲಿ ಜಾಗವೇ ಇಲ್ಲ. ಒಳ್ಳೆಯ ವೈದ್ಯರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ, ಕರೆದು ಧನ್ಯವಾದ ಹೇಳಿದವರನ್ನೂ ಕಂಡಿದ್ದೇನೆ. ಆದರೆ ನರ್ಸಿನ ಹಕ್ಕು ವೈದ್ಯರ ಒಳ್ಳೆಯತನದ ಮೇಲೆ ನಿಂತಿರಬಾರದು.

ಹೊರದೇಶದ ಲೈಸೆನ್ಸ್ ಎಂದರೆ ನನ್ನ ಪಾಲಿಗೆ ಇದೇ. ನಾನು ಮಾಡಿದ್ದಕ್ಕೂ ಮಾಡದೆ ಬಿಟ್ಟದ್ದಕ್ಕೂ ನನ್ನ ಹೆಸರಿನಲ್ಲಿ ನಾನೇ ಉತ್ತರ ಕೊಡುತ್ತೇನೆ ಎಂಬ ಒಪ್ಪಂದ. ಮೂರು ವರ್ಷಕ್ಕೊಮ್ಮೆ ಅದನ್ನು ನವೀಕರಿಸುವಾಗ 450 ಗಂಟೆ ಕೆಲಸ, 35 ಗಂಟೆ ಕಲಿಕೆ ತೋರಿಸುವುದರ ಜೊತೆಗೆ ತನ್ನ ಕೆಲಸದ ಬಗ್ಗೆ ತಾನೇ ಯೋಚಿಸಿ ಬರೆದ ಐದು ಬರಹಗಳನ್ನೂ ಇಡಬೇಕು. ನರ್ಸ್ ಯೋಚಿಸಬೇಕೆಂದು ನಿಯಮವೇ ಕೇಳುತ್ತದೆ ಎಂಬುದು ನನಗೆ ಆಗ ಹೊಸದಾಗಿತ್ತು.

ಆಸ್ಕಿ ತಾಲೀಮಿನಲ್ಲಿ ನಮ್ಮ ಹುಡುಗಿಯರು ಎಡವುವುದೂ ಇಂಥ ಕಡೆಯೇ. ಗಾಯಕ್ಕೆ ಡ್ರೆಸ್ಸಿಂಗ್ ಮಾಡುವ ಕೈ ಅದ್ಭುತವಾಗಿರುತ್ತದೆ, ಆದರೆ ಬಾಯಿ ಮುಚ್ಚಿರುತ್ತದೆ. ಏನು ಮಾಡುತ್ತಿದ್ದೇನೆ, ಏಕೆ ಮಾಡುತ್ತಿದ್ದೇನೆ ಎಂದು ರೋಗಿಗೆ ಹೇಳುವುದಿಲ್ಲ. ಉಸಿರಾಟವನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ನಮ್ಮ ವಾರ್ಡ್‌ಗಳಲ್ಲಿ ಜ್ವರ, ನಾಡಿ, ಉಸಿರಾಟ ಬರೆಯುವ ಟಿಪಿಆರ್ ಚಾರ್ಟಿನಲ್ಲಿ ಉಸಿರಾಟದ ಸಾಲಿನಲ್ಲಿ ಎಲ್ಲರಿಗೂ ಒಂದೇ ಸಂಖ್ಯೆ ಬಿದ್ದಿರುವುದನ್ನು ವಾರ್ಡ್ ಕಂಡವರು ಯಾರೂ ಅಲ್ಲಗಳೆಯಲಾರರು. ಒಬ್ಬ ನರ್ಸಿನ ಮೇಲೆ ನಲವತ್ತು ರೋಗಿಗಳನ್ನು ಹಾಕಿದರೆ ನಲವತ್ತು ನಿಮಿಷ ಎಲ್ಲಿಂದ ತರುವುದು? ಆದರೆ ದೇಹ ಹದಗೆಡುವುದನ್ನು ಬೇಗ ತಿಳಿಸುವ ಲಕ್ಷಣಗಳಲ್ಲಿ ಉಸಿರಾಟದ ವೇಗವೂ ಒಂದು. ಬ್ರಿಟನ್ನಿನಲ್ಲಿ ನ್ಯೂಸ್-2 ಎಂಬ ಅಂಕಪದ್ಧತಿಯಿದೆ. ಉಸಿರಾಟ, ಆಮ್ಲಜನಕದ ಮಟ್ಟ, ರಕ್ತದೊತ್ತಡ, ನಾಡಿ, ಎಚ್ಚರ, ಜ್ವರ ಇವುಗಳಿಗೆ ಅಂಕ ಕೊಟ್ಟು ಕೂಡಿದಾಗ ಮೊತ್ತ 7 ಅಥವಾ ಹೆಚ್ಚಾದರೆ ಅದು ತುರ್ತು. ನರ್ಸ್ ಕರೆದರೆ ತಂಡ ಬರಲೇಬೇಕು. ಅವಳ ಎಣಿಕೆಗೆ ಅಷ್ಟು ಬೆಲೆಯಿದೆ.

ಹಾಗೆಂದು ನಮ್ಮವರಿಗೆ ಗೊತ್ತಿರುವುದು ಕಡಿಮೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಮಳೆಗಾಲದಲ್ಲಿ ಕಾಫಿ ತೋಟದ ತಾಲೂಕುಗಳಿಂದ ಹಾವು ಕಚ್ಚಿಸಿಕೊಂಡವರು ಬರುತ್ತಾರೆ. ಎರಡು ಎಂಎಲ್ ರಕ್ತ ತೆಗೆದು, ಶುದ್ಧವಾದ ಒಣ ಗಾಜಿನ ಟ್ಯೂಬಿಗೆ ಹಾಕಿ, ಅಲುಗಿಸದೆ 20 ನಿಮಿಷ ಇಟ್ಟು, ಆಮೇಲೆ ಒಮ್ಮೆ ಓರೆ ಮಾಡಿ ನೋಡಬೇಕು. ಹೆಪ್ಪುಗಟ್ಟದೆ ಹರಿದರೆ ಮಂಡಲದಂಥ ಹಾವಿನ ವಿಷ ರಕ್ತಕ್ಕೆ ಏರಿದೆ ಎಂದರ್ಥ. ಟ್ಯೂಬ್ ಪ್ಲಾಸ್ಟಿಕ್ಕಿನದಾಗಿರಬಾರದು, ಸೋಪಿನ ಪುಡಿಯಲ್ಲಿ ತೊಳೆದದ್ದಾಗಿರಬಾರದು, ಇಲ್ಲವಾದರೆ ಫಲಿತಾಂಶ ತಪ್ಪುತ್ತದೆ. ಆ ಇಪ್ಪತ್ತು ನಿಮಿಷ ಟ್ಯೂಬನ್ನೂ, ರೋಗಿಯ ಕಣ್ಣಿನ ರೆಪ್ಪೆ ಜೋತು ಬೀಳುತ್ತಿದೆಯೇ ಎಂಬುದನ್ನೂ, ಬಾಗಿಲಲ್ಲಿ ಅಳುತ್ತಿರುವ ಮನೆಯವರನ್ನೂ ಒಟ್ಟಿಗೆ ನೋಡಿಕೊಳ್ಳುವುದು ನರ್ಸ್. ಪ್ರತಿವಿಷ ಏರಿಸುವಾಗ ಅಡ್ರಿನಲಿನ್ ತುಂಬಿದ ಸಿರಿಂಜು ಪಕ್ಕದಲ್ಲಿಟ್ಟುಕೊಂಡು ಕೂರುವವಳೂ ಅವಳೇ. ಕೊಪ್ಪ, ನರಸಿಂಹರಾಜಪುರದ ಕಡೆ ಮಂಗನ ಕಾಯಿಲೆ ಕಂಡವರು, ಕೀಟನಾಶಕ ಕುಡಿದವರಿಗೆ ಅಟ್ರೋಪಿನ್ ಕೊಡುತ್ತ ರಾತ್ರಿಯಿಡೀ ಕಣ್ಣಿನ ಪಾಪೆ ನೋಡಿದವರು ನಮ್ಮಲ್ಲಿದ್ದಾರೆ. ಬ್ರಿಟನ್ನಿನಲ್ಲಿ ವಿಷದ ಕಾಡುಹಾವು ಒಂದೇ ಜಾತಿಯದು. ಇದನ್ನು ಬರೆಯಲು ಯಾವ ಅರ್ಜಿಯಲ್ಲೂ ಜಾಗವಿಲ್ಲ. ಅವರು ಕೇಳುವುದು ಗಂಟೆಗಳ ಲೆಕ್ಕ ಮತ್ತು ಸಹಿ.

ಗಂಟೆಗಳ ಲೆಕ್ಕದ ವಿಷಯ ಬಂದದ್ದರಿಂದ ಒಂದು ಮಾತು. ಅಮೆರಿಕದ ದಾರಿಯಲ್ಲಿ ವಯಸ್ಕರ, ಮಕ್ಕಳ, ಹೆರಿಗೆಯ, ಮಾನಸಿಕ ಆರೋಗ್ಯದ ವಿಭಾಗಗಳಲ್ಲಿ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡ್ ಎಂಬುದನ್ನು ಓದಿದ ಶಾಲೆಯೇ ನೇರವಾಗಿ ಕಳುಹಿಸಬೇಕು. ಶಾಲೆ ಮುಚ್ಚಿಹೋಗಿದ್ದರೆ ಪರೀಕ್ಷಾ ಮಂಡಳಿಯ ಬಾಗಿಲು ತಟ್ಟಬೇಕು. ನಿಮ್ಹಾನ್ಸ್‌ಗೋ ಧಾರವಾಡದ ಡಿಮ್ಹಾನ್ಸ್‌ಗೋ ಪೋಸ್ಟಿಂಗ್‌ಗೆ ಹೋದವರು ಆ ಲಾಗ್‌ಬುಕ್ಕನ್ನು ಅಟ್ಟಕ್ಕೆ ಎಸೆಯಬೇಡಿ. ಮೂಲ ಪ್ರಮಾಣಪತ್ರಗಳನ್ನು ಯಾವ ಆಸ್ಪತ್ರೆಗೂ ಒಪ್ಪಿಸಬೇಡಿ. ನನ್ನ ಜೊತೆ ಓದಿದವಳೊಬ್ಬಳ ಮೂಲ ದಾಖಲೆಗಳನ್ನು ಒಂದು ಖಾಸಗಿ ಆಸ್ಪತ್ರೆ ಬಾಂಡ್ ಹೆಸರಿನಲ್ಲಿ ಬೀರುವಿನಲ್ಲಿ ಇಟ್ಟುಕೊಂಡಿತ್ತು. ಅಷ್ಟರಲ್ಲಿ ಅವಳ ಇಂಗ್ಲಿಷ್ ಪರೀಕ್ಷೆಯ ಎರಡು ವರ್ಷದ ಅವಧಿ ಮುಗಿದುಹೋಯಿತು. ಅವಳು ಮತ್ತೆ ಬರೆಯಲಿಲ್ಲ. ಈಗಲೂ ಅವಳನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಊರು ಬಿಟ್ಟು ಹೋಗುವ ನರ್ಸುಗಳನ್ನು ಬೈಯುವವರು ಇದ್ದಾರೆ. ನಮ್ಮ ತಾಲೂಕು ಆಸ್ಪತ್ರೆಗಳು ಬರಿದಾಗುತ್ತಿವೆ, ಇವರಿಗೆ ಹಣವೇ ಹೆಚ್ಚಾಯಿತು ಎನ್ನುತ್ತಾರೆ. ಬರಿದಾಗುತ್ತಿರುವುದು ನಿಜ, ಆ ಬಗ್ಗೆ ನನಗೂ ಕಳವಳವಿದೆ. ಆದರೆ ಸುಪ್ರೀಂ ಕೋರ್ಟ್ 2016ರ ಜನವರಿಯಲ್ಲಿ ಹೇಳಿದ ಮೇಲೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿ, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಖಾಸಗಿ ಆಸ್ಪತ್ರೆಯಲ್ಲೂ ನರ್ಸಿಗೆ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಿಲ್ಲದ ಸಂಬಳ ಇರಬೇಕೆಂದಿತು. ಇನ್ನೂರಕ್ಕಿಂತ ಹೆಚ್ಚು ಹಾಸಿಗೆಯಿದ್ದರೆ ಸರ್ಕಾರಿ ನರ್ಸಿನಷ್ಟೇ ಎಂದಿತು. ಇಷ್ಟು ವರ್ಷಗಳ ಮೇಲೂ ನನ್ನ ವಿದ್ಯಾರ್ಥಿನಿಯರು ಅದಕ್ಕಿಂತ ಕಡಿಮೆ ಸಂಬಳದ ಕೆಲಸಕ್ಕೆ ಸೇರುತ್ತಿದ್ದಾರೆ. ಹೋಗಬೇಡ ಎಂದು ಅವರಿಗೆ ಹೇಳುವ ನೈತಿಕತೆ ಯಾರಿಗಿದೆ? ಹೋಗುವವರೂ ಕಣ್ಣು ತೆರೆದು ಹೋಗಲಿ. 2024ರಿಂದ ಬ್ರಿಟನ್ನಿನಲ್ಲಿ ಹೊರಗಿನ ನರ್ಸುಗಳ ನೇಮಕ ಇಳಿಮುಖವಾಗಿದೆ. ಸಾಲ ಮಾಡಿ ಪರೀಕ್ಷೆ ಪಾಸಾಗಿ ಕೆಲಸದ ಪತ್ರಕ್ಕಾಗಿ ಕಾಯುತ್ತ ಕುಳಿತವರು ನನ್ನ ಪರಿಚಯದಲ್ಲೇ ಇದ್ದಾರೆ. ಪರೀಕ್ಷೆ ಬೇರೆ, ಕೆಲಸ ಬೇರೆ, ವೀಸಾ ಬೇರೆ. ಮೂರನ್ನೂ ಒಂದೇ ಎಂದು ನಂಬಿಸುವವರ ಮಾತು ಕೇಳಬೇಡಿ.

ನಾನು ಮರಳಿ ಬಂದ ಮೇಲೆ ನಮ್ಮ ಶಾಲೆಯ ಆಂತರಿಕ ಪ್ರಾಯೋಗಿಕ ಪರೀಕ್ಷೆಯಲ್ಲಿ ಒಂದು ಬದಲಾವಣೆ ತಂದಿದ್ದೇವೆ. ರೋಗಿಗೆ ತನ್ನ ಹೆಸರು ಹೇಳಿದ್ದಕ್ಕೆ, ಅಲರ್ಜಿ ಕೇಳಿದ್ದಕ್ಕೆ, ಕೊಡಬಾರದ ಔಷಧಿಯನ್ನು ತಡೆಹಿಡಿದು ಕಾರಣ ಬರೆದದ್ದಕ್ಕೆ ಬೇರೆ ಬೇರೆ ಅಂಕ. ಮೊದಲ ಸಲ ತಡೆಹಿಡಿದವರು ಬೆರಳೆಣಿಕೆಯಷ್ಟು ಮಂದಿ. ಉಳಿದವರಿಗೆಲ್ಲ ಅದು ಕೊಡಬಾರದ್ದೆಂದು ಗೊತ್ತಿತ್ತು, ವೈದ್ಯರು ಬರೆದಿದ್ದಾರಲ್ಲ ಮೇಡಂ ಎಂದರು. ಈ ಸಲ ಚಾರ್ಟಿನಲ್ಲಿ ಒಂದು ಹೊಸ ಸಾಲು ಸೇರಿಸಿದ್ದೇವೆ: "ಕೊಟ್ಟಿಲ್ಲ, ಕಾರಣ, ನರ್ಸಿನ ಸಹಿ". ನಾವು ಪೋಸ್ಟಿಂಗ್‌ಗೆ ಕಳುಹಿಸುವ ಆಸ್ಪತ್ರೆಗಳ ಮೇಟ್ರನ್‌ಗಳಿಗೂ ಆ ನಮೂನೆ ಕೊಟ್ಟಿದ್ದೇನೆ. ಅವರಲ್ಲಿ ಒಬ್ಬರು ತಮ್ಮ ವಾರ್ಡಿನ ಕೇಸ್ ಶೀಟಿಗೆ ಅದನ್ನು ಸೇರಿಸಲು ಸೂಪರಿಂಟೆಂಡೆಂಟರನ್ನು ಕೇಳುವುದಾಗಿ ಹೇಳಿದ್ದಾರೆ. ಮುಂದಿನ ವಾರ ನಾನೂ ಅವರ ಜೊತೆ ಹೋಗುತ್ತಿದ್ದೇನೆ.